ಶುಶ್ರೂಷೆಗೊಂದು ಶಾಸ್ತ್ರ

ಗಾಯವನ್ನು ತೊಳೆಯುವ ಔಷಧದ್ರಾವಣವು ಅತಿ ಪ್ರಬಲವಾದರೆ ಚರ್ಮ ಸುಡುತ್ತದೆ. ದುರ್ಬಲವಾದರೆ ರೋಗಾಣುಗಳು ಉಳಿಯುತ್ತವೆ. ಶೇಕಡಾ 5ರ ಒಂದು ಲೀಟರ್ ದ್ರಾವಣವನ್ನು ಶೇಕಡಾ 1ಕ್ಕೆ ಇಳಿಸಬೇಕಾದರೆ, ನೀರು ಬೆರೆಸಿ ಒಟ್ಟು 5 ಲೀಟರ್ ಮಾಡಬೇಕು. ಈ ಲೆಕ್ಕ ತಪ್ಪಿದರೆ ದಾದಿಯ ಕರುಣೆಯೊಂದೇ ರೋಗಿಯನ್ನು ಕಾಪಾಡಲಾರದು.

ಈ ಸತ್ಯವನ್ನು ಮನಗಂಡವರಲ್ಲಿ ಅಮೆರಿಕದ ಸ್ಟೆಲ್ಲಾ ಗೂಸ್ಟ್ರೇ ಒಬ್ಬರು. 1886ರಲ್ಲಿ ಜನಿಸಿದ ಅವರು ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಶುಶ್ರೂಷಾ ಶಿಕ್ಷಣ ಪಡೆದರು. ಆ ಕಾಲದ ಶುಶ್ರೂಷಾ ಶಾಲೆಗಳಲ್ಲಿ ವಿದ್ಯಾರ್ಥಿನಿಯರ ಹೆಚ್ಚಿನ ವೇಳೆ ವಾರ್ಡುಗಳ ದುಡಿಮೆಯಲ್ಲಿಯೇ ಸವೆಯುತ್ತಿತ್ತು. ವ್ಯಾಸಂಗಕ್ಕೆ ದೊರೆಯುತ್ತಿದ್ದ ಅವಕಾಶ ಅಲ್ಪ. ಗೂಸ್ಟ್ರೇ ಅಂಥ ವಿದ್ಯಾರ್ಥಿನಿಯರಿಗೆ ರಸಾಯನಶಾಸ್ತ್ರವನ್ನು ಬೋಧಿಸಿದರು. ದಾದಿಯರಿಗೆಂದೇ ಆ ವಿಷಯದ ಪಠ್ಯಪುಸ್ತಕವನ್ನು ರಚಿಸಿದರು. ಮುಂದೆ ತಾವು ಕಲಿತ ಶಾಲೆಗೇ ನಿರ್ದೇಶಕಿಯಾದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ದಾದಿಯರ ಅಭಾವ ತಲೆದೋರಿತು. ಆಗ ಅವರು ಯುದ್ಧಕಾಲದ ರಾಷ್ಟ್ರೀಯ ಶುಶ್ರೂಷಾ ಮಂಡಲಿಯ ಅಧ್ಯಕ್ಷೆಯಾಗಿದ್ದರು. 1943ರಲ್ಲಿ ಸರ್ಕಾರವು ಉಚಿತ ಶಿಕ್ಷಣದ ಯೋಜನೆಯನ್ನು ಆರಂಭಿಸಿತು. ಅದರ ಆಶ್ರಯದಲ್ಲಿ ಒಂದು ಲಕ್ಷಕ್ಕೂ ಮಿಗಿಲಾದ ದಾದಿಯರು ಶಿಕ್ಷಣ ಪೂರೈಸಿದರು.

ಗೂಸ್ಟ್ರೇ 1969ರಲ್ಲಿ ನಿಧನ ಹೊಂದಿದರು. ಸೇವೆಗೆ ಹೃದಯ ಬೇಕು. ಆ ಹೃದಯಕ್ಕೆ ಅರಿವಿನ ಬೆಂಬಲವೂ ಬೇಕು ಎಂಬುದೇ ಅವರ ಬಾಳಿನ ಪಾಠ.