ಶಾಲೆಯ ಅಭಿಮಾನವೂ ಅದರ ಋಣವೂ

“ನಮ್ಮ ಶಾಲೆ” ಎಂಬ ಮಾತನ್ನು ವಿದ್ಯಾರ್ಥಿನಿಯರು ದಿನಕ್ಕೆ ಎಷ್ಟು ಸಾರಿ ಆಡುವರೆಂದು ಎಣಿಸಿದವರಿಲ್ಲ. ಶಾಲೆಯ ನೆಲವನ್ನು ಅವರು ಕೊಂಡವರಲ್ಲ, ಗೋಡೆಯನ್ನು ಕಟ್ಟಿಸಿದವರಲ್ಲ; ಕೆಲವು ವರುಷ ಅಲ್ಲಿದ್ದು ಬಿಟ್ಟು ಹೋಗತಕ್ಕವರು. ಹೀಗಿದ್ದರೂ ಮದುವೆಯಾಗಿ, ಮಕ್ಕಳ ತಾಯಿಯಾಗಿ, ತಲೆಗೂದಲು ನೆರೆತ ಮೇಲೆಯೂ ಅವರು ಆ ಮಾತನ್ನು ಬಿಡುವದಿಲ್ಲ. ಕಚೇರಿಯನ್ನಾಗಲಿ ಚಾವಡಿಯನ್ನಾಗಲಿ ಯಾರೂ ಇಷ್ಟು ಮಮತೆಯಿಂದ ತಮ್ಮದೆನ್ನುವದಿಲ್ಲ. ಈ ಮಮತೆಯು ಬರಿಯ ಬಾಲ್ಯದ ಮೋಹವೋ, ಇಲ್ಲವೆ ಅದರಲ್ಲಿ ಹುರುಳುಂಟೋ ಎಂಬದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳ ಹೆಣ್ಣುಮಕ್ಕಳನ್ನು ಮುಂದಿಟ್ಟುಕೊಂಡು ವಿಚಾರಿಸುವದು ಈ ಲೇಖನದ ಉದ್ದೇಶವಾಗಿದೆ.

ಮೊದಲು ಗರ್ವಕ್ಕೂ ಅಭಿಮಾನಕ್ಕೂ ಇರುವ ಭೇದವನ್ನು ತಿಳಿಯಬೇಕು. ಗರ್ವವು ತನ್ನ ಬಳಿ ಇರುವದನ್ನು ನೋಡಿ ಹಿಗ್ಗುವದು; ಅಭಿಮಾನವಾದರೋ ತನಗೆ ದೊರೆತದ್ದು ಯಾರಿಂದ ದೊರೆಯಿತೆಂಬದನ್ನು ಮರೆಯದೆ ಹಿಗ್ಗುವದು. ಗರ್ವಕ್ಕೆ ಪೂರ್ವವೃತ್ತಾಂತ ಬೇಕಾಗಿಲ್ಲ. ಅಭಿಮಾನಕ್ಕೆ ಅದು ಬೇರಿನಂತೆ ಅವಶ್ಯ. ಆದುದರಿಂದ ನಮ್ಮ ಸೀಮೆಯ ಒಬ್ಬ ಹುಡುಗಿಯು ಶಾಲೆಯ ಬಾಗಿಲವರೆಗೆ ಬಂದ ದಾರಿ ಎಷ್ಟು ಉದ್ದವಾದದ್ದೆಂಬದನ್ನು ಮೊದಲು ಹೇಳುವೆವು.

ಈ ಸೀಮೆಯು ಅಕ್ಷರಕ್ಕೆ ಹೊಸದಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಅವು ಎರಡು ಸಾವಿರ ವರುಷಗಳಿಗೂ ಹಿಂದಿನವು. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಸ್ಥಳಗಳಲ್ಲಿ ಕೊಪಣವೂ ಒಂದು, ಆ ಕೊಪಣವೇ ಇಂದಿನ ಕೊಪ್ಪಳವೆಂದು ಪಂಡಿತರು ಹೇಳುವರು. ಇಲ್ಲಿಂದ ಬಹಳ ದೂರವಲ್ಲದ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು, ಪೊನ್ನ ಕವಿಯ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬದು ಪ್ರಸಿದ್ಧ. ಗ್ರಂಥವನ್ನು ಉಳಿಸಿದವಳು ಒಬ್ಬ ಹೆಣ್ಣುಮಗಳು! ಆದರೆ ಅತ್ತಿಮಬ್ಬೆಯಂಥವರು ಅರಸರ, ದಂಡನಾಯಕರ ಮನೆಯವರು. ಒಕ್ಕಲಿಗನ ಮಗಳಿಗೂ ನೇಕಾರನ ಮಗಳಿಗೂ ಕೂಲಿಯವನ ಮಗಳಿಗೂ ಅಕ್ಷರವು ಶತಮಾನಗಳ ಕಾಲ ಕಲ್ಲಿನ ಮೇಲೆಯೇ ಉಳಿಯಿತು, ಕೈಗೆ ಬರಲಿಲ್ಲ.

ಹೆಣ್ಣುಮಕ್ಕಳ ಶಾಲೆಗಳ ಕಾಲವು ನಮ್ಮ ದೇಶದಲ್ಲಿ ಪ್ರಾರಂಭವಾದದ್ದು 19ನೆಯ ಶತಮಾನದಲ್ಲಿ. ಪುಣೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರೀಬಾಯಿ ಫುಲೆಯವರು 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯನ್ನು ತೆರೆದರು. ಮೈಸೂರಿನಲ್ಲಿ ಮಹಾರಾಣಿಯವರ ಕನ್ಯಾಶಾಲೆಯು 1881ರಲ್ಲಿ ಹುಟ್ಟಿತು. ಕನ್ನಡ ನಾಡಿನ ಉತ್ತರಭಾಗದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಮಿಶನ್ನಿನವರೂ ಸೇರಿದ್ದರು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿನಲ್ಲಿ ಇಳಿದು, 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಗದಗಿನ ಮಗ್ಗುಲಲ್ಲಿರುವ ಬೆಟಗೇರಿಗೂ ಬಂದು ನೆಲೆಸಿದರು. ಇಂಥ ಮಿಶನ್ನುಗಳು ನಡಿಸಿದ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೂ ಸ್ಥಳವಿತ್ತು. ದೂರದ ಮಕ್ಕಳಿಗೆ ಬೋರ್ಡಿಂಗುಗಳಿದ್ದವು. ಮೊದಮೊದಲು ಅಲ್ಲಿ ಕಲಿತವರಲ್ಲಿ ಬಡವರ ಮಕ್ಕಳೂ ತಾಯಿತಂದೆಯಿಲ್ಲದ ಮಕ್ಕಳೂ ಬಹಳ. ಓದಿದ ಹೆಣ್ಣು ಮನೆಗೆ ಆಗುವದಿಲ್ಲವೆಂಬ ಭಯವು ಜನರಲ್ಲಿ ಬಹುಕಾಲ ಇತ್ತು.

ಈಗ ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಪೂರ್ವಕ್ಕೆ ತುಂಗಭದ್ರೆಯನ್ನು ದಾಟಿದರೆ ಬಳ್ಳಾರಿ ಜಿಲ್ಲೆ. ಅದು ಮದ್ರಾಸ್ ಸರಕಾರಕ್ಕೆ ಸೇರಿತ್ತು. ಪಶ್ಚಿಮಕ್ಕೆ ಗದಗು, ಬೆಟಗೇರಿ; ಅವು ಮುಂಬಯಿ ಸರಕಾರಕ್ಕೆ ಸೇರಿದ್ದವು. ಇವೆರಡರ ನಡುವೆ ನಮ್ಮ ನಾಲ್ಕು ತಾಲೂಕುಗಳು ಹೈದರಾಬಾದ ಸಂಸ್ಥಾನದೊಳಗೆ ಇದ್ದವು. ಅವುಗಳಲ್ಲಿ ಕೊಪ್ಪಳವೂ ಯಲಬುರ್ಗೆಯೂ ಸಾಲಾರಜಂಗರ ಜಹಗೀರಿನ ಭಾಗಗಳು. ಮುಂಬಯಿ ಸೀಮೆಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರ ಪ್ರಯತ್ನದಿಂದ ಕನ್ನಡ ಶಾಲೆಗಳು ಬೇರೂರಿದ್ದವು. ಸಂಸ್ಥಾನದಲ್ಲಾದರೋ ಸರಕಾರದ ಮೇಲ್ತರಗತಿಗಳ ಭಾಷೆ ಉರ್ದುವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಆ ಭಾಷೆಯಲ್ಲಿಯೇ ಪಾಠ ಹೇಳುತ್ತಿತ್ತು. ಉರ್ದು ಸುಂದರವಾದ ಭಾಷೆಯೆಂಬದರಲ್ಲಿ ಸಂದೇಹವಿಲ್ಲ. ಆದರೆ ಮನೆಯಲ್ಲಿ ಕನ್ನಡವನ್ನು ಮಾತ್ರ ಕೇಳಿದ ಹುಡುಗಿಗೆ ಅಲ್ಲಿ ಒಂದರ ಬದಲು ಎರಡು ಹೊಸ್ತಿಲು ದಾಟಬೇಕಾಗುತ್ತಿತ್ತು: ಮೊದಲು ಹೆಣ್ಣೆಂಬ ಹೊಸ್ತಿಲು, ಅನಂತರ ಭಾಷೆಯ ಹೊಸ್ತಿಲು. ನಾಲ್ಕು ತಾಲೂಕುಗಳ ಮುಖ್ಯ ಊರುಗಳಲ್ಲಿ ಕೊಪ್ಪಳಕ್ಕೆ ಮಾತ್ರ ರೇಲು ಇತ್ತು. ಮಿಕ್ಕವರಿಗೆ ಬಂಡಿಯ ದಾರಿ. ಗಂಡುಮಗನನ್ನು ಗದಗಿಗೋ ಬಳ್ಳಾರಿಗೋ ಓದಲು ಕಳುಹಿಸಿದ ಮನೆಗಳುಂಟು. ಮಗಳನ್ನು ಗಡಿಯಾಚೆ ಕಳುಹಿಸುವ ಧೈರ್ಯವು ಎಷ್ಟು ಮನೆಗಳಿಗೆ ಬಂದೀತು?

1948ರ ಸೆಪ್ಟೆಂಬರ 17ರಂದು ಸಂಸ್ಥಾನದ ಆಳಿಕೆಯು ಮುಗಿಯಿತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆಯ ನೀರಿನಿಂದ ಗಂಗಾವತಿಯ ಬಯಲು ಭತ್ತದ ಕಣಜವಾಯಿತು. 1956ರಲ್ಲಿ ಕನ್ನಡ ನಾಡು ಒಂದಾಯಿತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯು ಹುಟ್ಟಿತು. 2002ರಲ್ಲಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವನ್ನು ಸರಕಾರವು ಮೊದಲು ತೊಡಗಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಇಷ್ಟೆಲ್ಲ ಆದರೂ 2001ರ ಜನಗಣತಿಯಲ್ಲಿ ಈ ಜಿಲ್ಲೆಯ ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 40 ಮಂದಿ ಮಾತ್ರ ಇದ್ದರು. 2011ರಲ್ಲಿ ಆ ಸಂಖ್ಯೆ ಸುಮಾರು 58ಕ್ಕೆ ಏರಿತು. ಅದೇ ವರುಷ ಇಡೀ ಕರ್ನಾಟಕದ ಹೆಂಗಸರ ಲೆಕ್ಕ ನೂರಕ್ಕೆ 68; ನಮ್ಮ ಜಿಲ್ಲೆಯ ಗಂಡಸರದು 78ಕ್ಕೂ ಮಿಕ್ಕು. ಹತ್ತು ವರುಷಗಳಲ್ಲಿ ಹದಿನೆಂಟು ಮೆಟ್ಟಲು ಏರಿದ್ದು ಸಂತೋಷದ ಸಂಗತಿ. ಆದರೆ ಅಣ್ಣನಿಗಿಂತ ತಂಗಿಯು ಇನ್ನೂ ಇಪ್ಪತ್ತು ಮೆಟ್ಟಲು ಕೆಳಗೆ ನಿಂತಿದ್ದಳೆಂಬದನ್ನೂ ಮರೆಯಕೂಡದು.

ಈ ಲೆಕ್ಕಗಳನ್ನು ತಿಳಿದ ಹುಡುಗಿಗೆ ತನ್ನ ಶಾಲೆಯ ಬೆಂಚು ಬೇರೆಯಾಗಿಯೇ ಕಾಣುವದು. ತನ್ನ ಅಜ್ಜಿಗೆ ದೊರೆಯದ ಸ್ಥಳದಲ್ಲಿ ತಾನು ಕುಳಿತಿದ್ದೇನೆಂಬ ಅರಿವೇ ಅಭಿಮಾನದ ಮೊದಲನೆಯ ಬೇರು.

ಎರಡನೆಯ ಬೇರು ಹಾಜರಿ ಪುಸ್ತಕದಲ್ಲಿದೆ. ಮನೆಯಲ್ಲಿ ಹುಡುಗಿಯು ಇಂಥವರ ಮಗಳು, ಇಂಥವನ ತಂಗಿ. ಮುಂದೆ ಇಂಥವರ ಸೊಸೆ, ಇಂಥವನ ತಾಯಿ. ಈ ಸಂಬಂಧಗಳೆಲ್ಲ ಪವಿತ್ರವಾದವುಗಳೇ. ಆದರೆ ಬೆಳಗಿನ ಹೊತ್ತು ಗುರುಗಳು ಹಾಜರಿ ಕೂಗುವಾಗ ಅವಳ ಸ್ವಂತ ಹೆಸರೇ ಕೇಳಿಬರುವದು. ಅದಕ್ಕೆ ಅವಳೇ ಉತ್ತರ ಕೊಡಬೇಕು. ಲೆಕ್ಕ ತಪ್ಪಿದರೆ ತಪ್ಪು ಅವಳದು, ಸರಿಯಾದರೆ ಕೀರ್ತಿಯೂ ಅವಳದು. ನಾನೂ ಎಣಿಕೆಗೆ ಬರತಕ್ಕವಳು ಎಂಬ ಭಾವವು ಹೆಣ್ಣುಮಗಳ ಮನಸ್ಸಿನಲ್ಲಿ ಮೂಡುವದು ಬಹುಮಟ್ಟಿಗೆ ಅಲ್ಲಿಯೇ.

ಮೂರನೆಯದು ಸಾಲಿನಲ್ಲಿ ಕುಳಿತುಕೊಳ್ಳುವದು. ಓಣಿಯಲ್ಲಿ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟದಿದ್ದ ಕಾಲದಲ್ಲಿಯೂ ಶಾಲೆಯ ಬೆಂಚಿನ ಮೇಲೆ ಭುಜಕ್ಕೆ ಭುಜ ತಗಲದೆ ನಿರ್ವಾಹವಿರಲಿಲ್ಲ. ಒಂದೇ ಪುಸ್ತಕವನ್ನು ಇಬ್ಬರು ಹಂಚಿಕೊಂಡು ಓದಿದವರು ಮುಂದೆ ಒಬ್ಬರನ್ನೊಬ್ಬರು ಸುಲಭವಾಗಿ ಹೀನೈಸಲಾರರು. ಮನೆಯು ರಕ್ತಸಂಬಂಧದವರನ್ನು ಪ್ರೀತಿಸಲು ಕಲಿಸುವದು. ಶಾಲೆಯು ಸಂಬಂಧವಿಲ್ಲದವರನ್ನು ಪ್ರೀತಿಸಲು ಕಲಿಸುವದು. ಹಳೆಯ ವಿದ್ಯಾರ್ಥಿನಿಯರು ಪಾಠಗಳನ್ನು ಮರೆತರೂ ಗೆಳತಿಯರನ್ನು ಮರೆಯದಿರುವದಕ್ಕೆ ಇದೇ ಕಾರಣ.

ಇಂಥ ಅಭಿಮಾನಕ್ಕೂ ಒಂದು ಕೀಟ ಉಂಟು. ಪರೀಕ್ಷೆಯ ಫಲಿತಾಂಶ, ಪಂದ್ಯದ ಢಾಲು, ಉಡುಪಿನ ಅಂದ, ನಾಲ್ಕು ಇಂಗ್ಲಿಷ್ ಮಾತು ಇವುಗಳನ್ನೇ ಶಾಲೆಯ ಸಾರವೆಂದು ತಿಳಿದವಳು ಮನೆಗೆ ಹೋಗಿ ತಾಯಿಯ ಮಾತಿಗೆ ನಗುವಳು. ಅಜ್ಜಿಯ ಹಾಡನ್ನು ಹಳ್ಳಿಯದೆಂದು ತಳ್ಳುವಳು. ಇವಳಲ್ಲಿರುವದು ಅಭಿಮಾನವಲ್ಲ, ಮೊದಲು ಹೇಳಿದ ಗರ್ವವೇ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ವೃದ್ಧೆಯು ತೊಗಲು ಗೊಂಬೆಯಾಟದಲ್ಲಿ ತನ್ನ ಆಯುಷ್ಯವನ್ನು ಸವೆಸಿ, ರಾಮಾಯಣ ಮಹಾಭಾರತಗಳನ್ನು ಪರದೆಯ ಮೇಲೆ ಆಡಿಸಿ, ಪರದೇಶಗಳಲ್ಲಿಯೂ ಮನ್ನಣೆ ಪಡೆದು, 2025ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರಳಾದಳು. ಆ ವಿದ್ಯೆ ಅವಳಿಗೆ ಬಂದದ್ದು ಮನೆತನದ ಪರಂಪರೆಯಿಂದ. ಇಂಥವರ ಮುಂದೆ ತಲೆಬಾಗುವದನ್ನು ಕಲಿಸುವ ಶಾಲೆಯೇ ಒಳ್ಳೇ ಶಾಲೆ.

ಹಾಗಾದರೆ ಅಭಿಮಾನವು ಸತ್ಯವಾದದ್ದೆಂಬದಕ್ಕೆ ಒರೆಗಲ್ಲು ಯಾವದು? ಅದಕ್ಕೆ ಉತ್ತರವು ಕೊಪ್ಪಳ ತಾಲೂಕಿನ ಕುಣಿಕೇರಿಯಲ್ಲಿ ಇದೆ. ಆ ಊರಿನ ಹುಚ್ಚಮ್ಮ ಚೌದ್ರಿ ಎಂಬ ತಾಯಿಗೆ ಸ್ವಂತ ಮಕ್ಕಳಿಲ್ಲ. ಆಕೆಗೆ ಇದ್ದದ್ದು ಎರಡು ಎಕರೆ ಹೊಲ. ಊರಿನ ಸರಕಾರಿ ಶಾಲೆಗೆ ಸ್ಥಳವಿಲ್ಲವೆಂದಾಗ ಆಕೆ ಆ ಹೊಲವನ್ನು ಶಾಲೆಗೂ ಮಕ್ಕಳ ಆಟದ ಬಯಲಿಗೂ ದಾನವಾಗಿ ಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟದ ಅಡಿಗೆಯವಳಾಗಿ ದುಡಿದಳು. ಕೋಟಿಯ ಬೆಲೆಗೆ ಏರಿದ ನೆಲವನ್ನು ಕೊಟ್ಟವಳು ಒಲೆಯ ಮುಂದೆ ಕುಳಿತು ಮಕ್ಕಳಿಗೆ ಅನ್ನ ಬೇಯಿಸಿದಳು! 2023ರಲ್ಲಿ ಆಕೆಗೆ ರಾಜ್ಯೋತ್ಸವ ಪ್ರಶಸ್ತಿಯು ದೊರೆಯಿತು. ಶಾಲೆಯನ್ನು ‘ನಮ್ಮದು’ ಎನ್ನುವ ಹಕ್ಕು ಇವಳಿಗಿಂತ ಯಾರಿಗೆ ಹೆಚ್ಚು? ಶಾಲೆಯಿಂದ ಪಡೆದವರಿಗೆ ಪ್ರೀತಿ ಹುಟ್ಟುವದು ಸಹಜ. ಶಾಲೆಗೆ ಕೊಟ್ಟವರಿಗೆ ಆ ಪ್ರೀತಿ ಪೂರ್ಣವಾಗುವದು.

ಎಲ್ಲರಿಗೂ ಹೊಲವಿಲ್ಲ. ಆದರೆ ಎಲ್ಲರಿಂದಲೂ ಆಗತಕ್ಕ ಕೆಲಸವೊಂದುಂಟು. ಕುಷ್ಟಗಿ ಯಲಬುರ್ಗೆಗಳ ಎರಿ ಮತ್ತು ಮಸಾರಿ ಹೊಲಗಳು ಮಳೆಯನ್ನೇ ನಂಬಿದವು. ಮಳೆ ತಪ್ಪಿದ ವರುಷ ಜೋಳ ಸಜ್ಜೆ ಒಣಗಿ, ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿ ಬೆಂಗಳೂರು, ಮಂಗಳೂರು, ಗೋವೆಗಳ ಕಡೆಗೆ ಗುಳೆ ಹೋಗುವರು. ತಮ್ಮನನ್ನು ಎತ್ತಿಕೊಳ್ಳುವದಕ್ಕೆ, ಅಡಿಗೆ ನೋಡಿಕೊಳ್ಳುವದಕ್ಕೆ ಹುಡುಗಿಯೂ ಜೊತೆಯಲ್ಲಿ ಹೊರಡುವಳು. ನಾಲ್ಕು ತಿಂಗಳು ಕಳೆದು ತಿರುಗಿ ಬಂದಾಗ ಪಾಠ ಮುಂದೆ ಹೋಗಿರುವದು. ನಾಚಿಕೆಯಿಂದ ಅವಳು ಶಾಲೆಗೆ ಬಾರಳು. ಬಾರದ ಹುಡುಗಿ ಮನೆಯಲ್ಲಿದ್ದರೆ ಮುಂದಿನ ಮಾತು ಮದುವೆಯದೇ. ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು 2006ರ ಕಾಯಿದೆಯು ತಡೆದಿದೆ. ಆದರೆ ಕಾಯಿದೆಗಿಂತ ಮೊದಲು ಅವಳ ಮನೆಯ ಬಾಗಿಲಿಗೆ ಹೋಗಬಲ್ಲವರು ಆ ಓಣಿಯಲ್ಲಿರುವ ಓದಿದ ಅಕ್ಕಂದಿರು.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಿಗೆ ನಮ್ಮ ವಿಜ್ಞಾಪನೆ ಇಷ್ಟೇ: ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಹುಡುಗಿಯೊಬ್ಬಳಿದ್ದರೆ ಅವಳ ತಾಯಿಯ ಸಂಗಡ ಮಾತಾಡಿರಿ, ತಪ್ಪಿದ ಪಾಠವನ್ನು ಸಂಜೆಯ ಹೊತ್ತು ಹೇಳಿಕೊಡಿರಿ, ಮನೆಯವರು ಗುಳೆ ಹೋಗುವದು ಅನಿವಾರ್ಯವಾದರೆ ಅವಳನ್ನು ಅಜ್ಜಿಯ ಮನೆಯಲ್ಲಾಗಲಿ ವಿದ್ಯಾರ್ಥಿನಿಲಯದಲ್ಲಾಗಲಿ ಇರಿಸುವ ಏರ್ಪಾಡಿಗೆ ನೆರವಾಗಿರಿ. ತಾಯಿತಂದೆಗಳಿಗೂ ಒಂದು ಮಾತು: ನಾಟಿಯ ಕಾಲದಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ ಮಗಳ ಒಂದು ದಿನದ ಕೂಲಿ ಕೈಗೆ ಸಿಕ್ಕೀತು, ಆದರೆ ಹಾಗೆ ತಪ್ಪಿದ ದಿನಗಳೇ ಕೂಡಿ ಒಂದು ವರುಷವನ್ನು ನುಂಗುವವು. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆಯು ಬಂದಂದಿನಿಂದ ಸರಕಾರದ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಖರ್ಚು ಇಲ್ಲವಾಯಿತು. ಬಂಡಿಯ ದಾರಿಯ ಕಾಲದಲ್ಲಿ ಅಜ್ಜಿಯಂದಿರಿಗೆ ಇದ್ದ ನೆವಗಳಲ್ಲಿ ಒಂದು ಹೀಗೆ ಕಡಿಮೆಯಾಗಿದೆ.

ಏರಿದ ಏಣಿಯನ್ನು ಒದೆಯುವವರು ಕೃತಘ್ನರೆಂದು ಲೋಕವು ಹೇಳುವದು. ಏರಿದ ಮೇಲೆ ಅದನ್ನು ಸುಮ್ಮನೆ ಮರೆತುಬಿಡುವವರೂ ಅದರಲ್ಲಿ ಬಹಳ ಬೇರೆಯವರಲ್ಲ. ಗುರುಗಳ ಋಣವನ್ನು ಗುರುಗಳಿಗೆ ತೀರಿಸುವದು ಆಗದ ಕೆಲಸ. ಅನೇಕರು ಇಂದು ನಮ್ಮೊಡನೆ ಇಲ್ಲ. ಅದನ್ನು ತೀರಿಸುವ ಸ್ಥಳವು ನಮ್ಮ ಹಿಂದೆ ನಿಂತಿರುವ ಹುಡುಗಿಯ ಬಳಿಯಲ್ಲಿದೆ. ನಾಳಿನ ಹಾಜರಿಯಲ್ಲಿ ಅವಳ ಹೆಸರು ಕೂಗಿದಾಗ ಅವಳು ಎದ್ದು ಉತ್ತರ ಕೊಡುವಂತೆ ಮಾಡಿದವರೆಲ್ಲರೂ “ನಮ್ಮ ಶಾಲೆ” ಎಂದು ಧೈರ್ಯವಾಗಿ ಹೇಳಬಹುದು.