ನಿಮಗಿದು ಗೊತ್ತೇ? ಕ್ಲೀವ್‌ಲ್ಯಾಂಡ್‌ಗೆ ಕೈಕೊಟ್ಟ ಆಯ್ಕೆಗಳು

ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಕೊನೆಯ ಸಲ ಲೀಗ್ ಗೆದ್ದದ್ದು 1964ರಲ್ಲಿ. ಸೂಪರ್ ಬೌಲ್ ಶುರುವಾದ ಮೇಲೆ ಒಂದು ಸಲವೂ ಆ ಫೈನಲ್‌ಗೆ ಕಾಲಿಟ್ಟಿಲ್ಲ. ಹೀಗೇಕಾಯಿತು ಎಂದು ಅಲ್ಲಿಯ ಅಭಿಮಾನಿಗಳನ್ನು ಕೇಳಿದರೆ ಮಾತು ಹೋಗಿ ನಿಲ್ಲುವುದು ಡ್ರಾಫ್ಟ್ ಎಂಬ ಒಂದೇ ಕಡೆ.

● ನಮ್ಮ ಐಪಿಎಲ್‌ನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಕಾಲೇಜಿನಿಂದ ಬರುವ ಹುಡುಗರನ್ನು 32 ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ಸೀಸನ್‌ನಲ್ಲಿ ತೀರಾ ಹಿಂದೆ ಬಿದ್ದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು. ಹೀಗೆ ಏಳು ಸುತ್ತು ನಡೆಯುತ್ತದೆ. ಸರದಿಯನ್ನು ಬೇರೆ ತಂಡದ ಜತೆ ಅದಲು ಬದಲು ಮಾಡಿಕೊಳ್ಳಲೂಬಹುದು. ಬ್ರೌನ್ಸ್‌ನ ಕಷ್ಟದ ಅರ್ಧ ಭಾಗ ಈ ಅದಲು ಬದಲಿನಲ್ಲೇ ಇದೆ.

● ಈ ಕಥೆಯಲ್ಲಿ ಮತ್ತೆ ಮತ್ತೆ ಬರುವವರು 'ಸ್ಕಿಲ್ ಪ್ಲೇಯರ್ಸ್', ಅಂದರೆ ಆಕ್ರಮಣದಲ್ಲಿ ಚೆಂಡು ಕೈಗೆ ಬರುವವರು. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವುಚಿಕೊಂಡು ನುಗ್ಗುವವನು ರನ್ನಿಂಗ್ ಬ್ಯಾಕ್. ದೂರ ಓಡಿ ಹಿಡಿಯುವವನು ವೈಡ್ ರಿಸೀವರ್. ಹಿಡಿಯುವ ಕೆಲಸದ ಜತೆ ಎದುರಾಳಿಯನ್ನು ತಡೆಯುವ ಕೆಲಸವೂ ಇರುವವನು ಟೈಟ್ ಎಂಡ್.

● ಈ ತಂಡದ ಅತಿ ದೊಡ್ಡ ಆಯ್ಕೆ ಬೇರೊಬ್ಬ ಸಿಗದಿದ್ದಾಗ ಆದದ್ದು. 1957ರಲ್ಲಿ ಬ್ರೌನ್ಸ್‌ಗೆ ಬೇಕಿದ್ದವನು ಕ್ವಾರ್ಟರ್‌ಬ್ಯಾಕ್. ಕಣ್ಣಿಟ್ಟಿದ್ದ ಲೆನ್ ಡಾಸನ್‌ನನ್ನು ಒಂದೇ ಸರದಿ ಮುಂಚೆ ಪಿಟ್ಸ್‌ಬರ್ಗ್ ಎತ್ತಿಕೊಂಡಿತು. ಆರನೇ ಸರದಿಯಲ್ಲಿ ಬ್ರೌನ್ಸ್‌ಗೆ ದಕ್ಕಿದ್ದು ಜಿಮ್ ಬ್ರೌನ್ ಎಂಬ ರನ್ನಿಂಗ್ ಬ್ಯಾಕ್. ಆತ ಆಡಿದ ಒಂಬತ್ತು ಸೀಸನ್‌ಗಳಲ್ಲಿ ಎಂಟರಲ್ಲಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಗಜ ಓಡಿದ.

● ಕೈಕೊಟ್ಟ ಆಯ್ಕೆಗಳೆಲ್ಲವೂ ತಪ್ಪು ಲೆಕ್ಕಾಚಾರದಿಂದ ಕೆಟ್ಟವಲ್ಲ. ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್ಮನ್ ಟ್ರೋಫಿ ಪಡೆದ ಮೊದಲ ಕಪ್ಪು ಆಟಗಾರ ಅರ್ನಿ ಡೇವಿಸ್. 1962ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಆತನಿಗಾಗಿ ಬ್ರೌನ್ಸ್ ತನ್ನ ಆಟಗಾರ ಬಾಬಿ ಮಿಚೆಲ್‌ನನ್ನು ವಾಷಿಂಗ್ಟನ್ ತಂಡಕ್ಕೆ ಬಿಟ್ಟುಕೊಟ್ಟಿತು. ಡೇವಿಸ್‌ಗೆ ರಕ್ತದ ಕ್ಯಾನ್ಸರ್ ಇರುವುದು ಅದೇ ವರ್ಷ ಗೊತ್ತಾಯಿತು. ಲೀಗ್‌ನ ಒಂದು ಪಂದ್ಯವನ್ನೂ ಆಡದೆ 1963ರ ಮೇ ತಿಂಗಳಲ್ಲಿ ತೀರಿಕೊಂಡಾಗ ಆತನಿಗೆ 23 ವರ್ಷ. ಆತ ತೊಡಬೇಕಿದ್ದ 45ನೇ ನಂಬರಿನ ಜೆರ್ಸಿಯನ್ನು ಬ್ರೌನ್ಸ್ ಇನ್ನಾರಿಗೂ ಕೊಡುವುದಿಲ್ಲ.

● 1995ರ ಸೀಸನ್ ಮುಗಿದೊಡನೆ ಮಾಲೀಕರು ತಂಡವನ್ನೇ ಬಾಲ್ಟಿಮೋರ್‌ಗೆ ಒಯ್ದರು. ಕ್ಲೀವ್‌ಲ್ಯಾಂಡ್‌ಗೆ ಬ್ರೌನ್ಸ್ ಮರಳಿದ್ದು 1999ರಲ್ಲಿ, ಸೊನ್ನೆಯಿಂದ ಕಟ್ಟಿದ ಹೊಸ ತಂಡವಾಗಿ. ಮೊದಲ ಆಯ್ಕೆ ಕೆಂಟಕಿ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಟಿಮ್ ಕೌಚ್. ಹುಡುಗನನ್ನು ಸ್ವಲ್ಪ ದಿನ ಬೆಂಚಿನಲ್ಲಿ ಕೂರಿಸಿ ಪಳಗಿಸಬೇಕೆಂಬ ಯೋಚನೆಯಿತ್ತು. ಮೊದಲ ಪಂದ್ಯದಲ್ಲೇ 43–0 ಸೋಲು ಬಂದಿತು, ಎರಡನೇ ಪಂದ್ಯಕ್ಕೆ ಕೌಚ್‌ನನ್ನು ಮೈದಾನಕ್ಕಿಳಿಸಿದರು. ಮುಂದೆ ನಿಂತು ಕಾಯುವ ಲೈನ್‌ಮನ್‌ಗಳ ಸಾಲು ಗಟ್ಟಿಯಿರಲಿಲ್ಲ. ಆ ಸೀಸನ್‌ನಲ್ಲಿ ಎದುರಾಳಿಗಳು ಆತನನ್ನು ಚೆಂಡು ಎಸೆಯುವ ಮುನ್ನವೇ 56 ಸಲ ನೆಲಕ್ಕೆ ಕೆಡವಿದರು. ಹೊಸ ಬ್ರೌನ್ಸ್‌ನ ಮೊದಲ ಗೆಲುವು ಬಂದದ್ದೂ ಅದೇ ಹುಡುಗನ ಕೈಯಿಂದ: ನ್ಯೂ ಆರ್ಲಿಯನ್ಸ್ ವಿರುದ್ಧ ಕೊನೆಯ ಎಸೆತದಲ್ಲಿ, ಗಡಿಯಾರದ ಸಮಯ ಮುಗಿಯುತ್ತಿದ್ದಾಗ. ಐದು ಸೀಸನ್ ಕಳೆಯುವಷ್ಟರಲ್ಲಿ ಕೌಚ್‌ನ ಎನ್‌ಎಫ್‌ಎಲ್ ಬದುಕೇ ಮುಗಿಯಿತು. ಆತನನ್ನು 'ಫ್ಲಾಪ್' ಪಟ್ಟಿಗೆ ಸೇರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಆಟಗಾರನ ಪ್ರತಿಭೆ ಅಳೆಯುವ ಮೊದಲು ಆತನಿಗೆ ನಿಂತು ಚೆಂಡೆಸೆಯಲು ಮೂರು ಸೆಕೆಂಡಾದರೂ ಕೊಟ್ಟಿದ್ದರೇ ಎಂದು ನೋಡಬೇಕು.

● ಕೌಚ್‌ನ ಜೆರ್ಸಿಯನ್ನು ಕ್ಲೀವ್‌ಲ್ಯಾಂಡ್‌ನ ಒಂದು ಕಚೇರಿಯ ಕಿಟಕಿಯಲ್ಲಿ ವರ್ಷಗಟ್ಟಲೆ ತೂಗುಹಾಕಿದ್ದರು. ಬೆನ್ನಿನ ಮೇಲೆ ಕೌಚ್ ಎಂಬ ಹೆಸರು, ಅದರ ಕೆಳಗೆ ಆತನ ನಂತರ ಬಂದ ಒಬ್ಬೊಬ್ಬ ಕ್ವಾರ್ಟರ್‌ಬ್ಯಾಕ್‌ನ ಹೆಸರಿನ ಪಟ್ಟಿ. ಒಂದರ ಕೆಳಗೊಂದು ಅಂಟಿಸುತ್ತಾ ಹೋಗಿ ಜೆರ್ಸಿಯಲ್ಲಿ ಜಾಗವೇ ಸಾಲದಾಯಿತು. 1999ರಿಂದ 2024ರ ಸೀಸನ್ ಮುಗಿಯುವವರೆಗೆ ಬ್ರೌನ್ಸ್ ಪರವಾಗಿ ಪಂದ್ಯ ಆರಂಭಿಸಿದ ಕ್ವಾರ್ಟರ್‌ಬ್ಯಾಕ್‌ಗಳು ಒಟ್ಟು 40 ಮಂದಿ.

● 2000ದ ಡ್ರಾಫ್ಟ್‌ನ 183ನೇ ಸರದಿಯಲ್ಲಿ ಬ್ರೌನ್ಸ್ ಆರಿಸಿದ ಕ್ವಾರ್ಟರ್‌ಬ್ಯಾಕ್ ಸ್ಪರ್ಗನ್ ವಿನ್. 199ನೇ ಸರದಿಯಲ್ಲಿ ನ್ಯೂ ಇಂಗ್ಲೆಂಡ್ ಆರಿಸಿದ್ದು ಮುಂದೆ ದಂತಕಥೆಯಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯನ್ನು.

● 2001ರಲ್ಲಿ 33ನೆಯವನಾಗಿ ವೈಡ್ ರಿಸೀವರ್ ಕ್ವಿನ್ಸಿ ಮಾರ್ಗನ್ ಬಂದ. ಮೂರು ಸರದಿ ಕಳೆದ ಮೇಲೆ ಅದೇ ಓಹಾಯೋದ ಸಿನ್ಸಿನಾಟಿಗೆ ಮುಂದೆ ಹೆಸರಾಂತ ರಿಸೀವರ್ ಆದ ಚಾಡ್ ಜಾನ್ಸನ್ ದಕ್ಕಿದ.

● 2004ರಲ್ಲಿ ಒಂದು ಸರದಿ ಮೇಲೇರಲು ಎರಡನೇ ಸುತ್ತಿನ ಆಯ್ಕೆಯನ್ನೇ ಕೊಟ್ಟು ಟೈಟ್ ಎಂಡ್ ಕೆಲೆನ್ ವಿನ್ಸ್‌ಲೋನನ್ನು ಆರನೆಯವನಾಗಿ ತಂದರು. ಎರಡನೇ ಪಂದ್ಯದಲ್ಲಿ ಕಾಲು ಮುರಿಯಿತು. ಮರುವರ್ಷ ಬೈಕ್ ಅಪಘಾತವಾಗಿ ಆ ಸೀಸನ್ ಪೂರ್ತಿ ಹೋಯಿತು. ಓಹಾಯೋದಲ್ಲೇ ಬೆಳೆದು ಅಲ್ಲಿಯೇ ಕಾಲೇಜು ಆಡಿದ ಕ್ವಾರ್ಟರ್‌ಬ್ಯಾಕ್ ಬೆನ್ ರಾತ್ಲಿಸ್‌ಬರ್ಗರ್ ಆ ಡ್ರಾಫ್ಟ್‌ನಲ್ಲಿ 11ನೆಯವನಾಗಿ ಬದ್ಧವೈರಿ ಪಿಟ್ಸ್‌ಬರ್ಗ್ ಪಾಲಾದ. ಆತ ಎರಡು ಸೂಪರ್ ಬೌಲ್ ಗೆದ್ದ.

● 2007ರಲ್ಲಿ ಬ್ರೇಡಿ ಕ್ವಿನ್, 2012ರಲ್ಲಿ ಬ್ರ್ಯಾಂಡನ್ ವೀಡನ್, 2014ರಲ್ಲಿ ಜಾನಿ ಮ್ಯಾನ್ಜೆಲ್. ಮೊದಲ ಸುತ್ತಿನಲ್ಲಿ ಬಂದ ಈ ಮೂವರು ಕ್ವಾರ್ಟರ್‌ಬ್ಯಾಕ್‌ಗಳೂ ಆಯ್ಕೆಯಾದದ್ದು 22ನೇ ಸರದಿಯಲ್ಲೇ! ಇದು ಕಾಕತಾಳೀಯ. ಆದರೆ ಅವುಗಳಲ್ಲಿ ಕೊನೆಯ ಎರಡು ಸರದಿಗಳು ಬ್ರೌನ್ಸ್ ಕೈಗೆ ಹೇಗೆ ಬಂದವು ಎಂಬುದು ಕಾಕತಾಳೀಯವಲ್ಲ.

2011ರಲ್ಲಿ ತಂಡದ ಬಳಿ ಆರನೇ ಸರದಿಯಿತ್ತು. ಅದನ್ನು ಅಟ್ಲಾಂಟಾಕ್ಕೆ ಕೊಟ್ಟು ಬದಲಿಗೆ ಐದು ಸರದಿಗಳನ್ನು ಪಡೆಯಿತು. ಒಂದಕ್ಕೆ ಐದು ಎಂದಾಗ ಕಾಗದದ ಮೇಲೆ ಲಾಭವೇ. ಅಟ್ಲಾಂಟಾ ಆ ಸರದಿಯಲ್ಲಿ ಆರಿಸಿದ ವೈಡ್ ರಿಸೀವರ್ ಜೂಲಿಯೊ ಜೋನ್ಸ್ 2015ರ ಒಂದೇ ಸೀಸನ್‌ನಲ್ಲಿ 1,871 ಗಜ ಗಳಿಸಿದ. ಐದರಲ್ಲಿ ಒಂದರಿಂದ ಬ್ರೌನ್ಸ್‌ಗೆ ರಿಸೀವರ್ ಗ್ರೆಗ್ ಲಿಟ್ಲ್ ಬಂದ. ಇನ್ನೊಂದು 2012ರ 22ನೇ ಸರದಿಯಾಗಿ ಕುದುರಿತು, ಅದರಿಂದ ವೀಡನ್ ಬಂದ. ಮೊದಲು ವೃತ್ತಿಪರ ಬೇಸ್‌ಬಾಲ್ ಆಡಿ, ಅದನ್ನು ಬಿಟ್ಟು ಕಾಲೇಜು ಸೇರಿದ್ದ ವೀಡನ್‌ಗೆ ಆಗಲೇ 28 ವರ್ಷ. ಮೊದಲ ಸುತ್ತಿನಲ್ಲಿ ಆಯ್ಕೆಯಾದವರಲ್ಲಿ ಅಷ್ಟು ವಯಸ್ಸಾದವರು ಅದುವರೆಗೆ ಯಾರೂ ಇರಲಿಲ್ಲ. ಬ್ರೌನ್ಸ್‌ಗಾಗಿ ಆರಂಭಿಸಿದ 20 ಪಂದ್ಯಗಳಲ್ಲಿ ಆತ ಗೆದ್ದದ್ದು ಐದು. ಅದೇ ಡ್ರಾಫ್ಟ್‌ನಲ್ಲಿ 75ನೇ ಸರದಿಯವರೆಗೆ ಕಾದಿದ್ದ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಸಿಯಾಟಲ್‌ಗೆ ಹೋಗಿ ಎರಡನೇ ಸೀಸನ್‌ನಲ್ಲೇ ಸೂಪರ್ ಬೌಲ್ ಗೆದ್ದ.

ಅದೇ 2012ರಲ್ಲಿ ರನ್ನಿಂಗ್ ಬ್ಯಾಕ್ ಟ್ರೆಂಟ್ ರಿಚರ್ಡ್‌ಸನ್‌ಗಾಗಿ ನಾಲ್ಕನೇ ಸರದಿಯಿಂದ ಮೂರಕ್ಕೇರಿದರು. ಆ ಒಂದು ಮೆಟ್ಟಿಲಿಗೆ ಕೊಟ್ಟ ಬೆಲೆ ಕೆಳಗಿನ ಸುತ್ತುಗಳ ಮೂರು ಆಯ್ಕೆ. ರಿಚರ್ಡ್‌ಸನ್ ಮೊದಲ ಸೀಸನ್‌ನಲ್ಲಿ 950 ಗಜ ಓಡಿದ. ಅದೇ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ, 173ನೇ ಸರದಿಯಲ್ಲಿ ವಾಷಿಂಗ್ಟನ್ ಸೇರಿದ ಆಲ್ಫ್ರೆಡ್ ಮಾರಿಸ್ ಓಡಿದ್ದು 1,613 ಗಜ. ಅಷ್ಟರಲ್ಲಿ ಕ್ಲೀವ್‌ಲ್ಯಾಂಡ್‌ನ ಆಡಳಿತವೇ ಬದಲಾಯಿತು. ತಾವು ಆರಿಸದ ಹುಡುಗನ ಮೇಲೆ ಹೊಸಬರಿಗೆ ಮಮತೆಯಿರಲಿಲ್ಲ. 2013ರಲ್ಲಿ ಎರಡು ಪಂದ್ಯ ಮುಗಿದೊಡನೆ ಆತನನ್ನು ಇಂಡಿಯಾನಾಪೊಲಿಸ್‌ಗೆ ಕೊಟ್ಟು ಮರುವರ್ಷದ ಮೊದಲ ಸುತ್ತಿನ ಸರದಿ ಪಡೆದರು. ಅದು 26ನೆಯದಾಗಿ ಬಂತು. ಅದರ ಮೇಲೆ ಇನ್ನೊಂದು ಸರದಿ ಸೇರಿಸಿ 22ಕ್ಕೆ ಏರಿ ಮ್ಯಾನ್ಜೆಲ್‌ನನ್ನು ತಂದರು. ಆತ ಎಂಟು ಪಂದ್ಯ ಆರಂಭಿಸಿದ, ಎರಡು ಗೆದ್ದ. 2016ರ ಮಾರ್ಚ್‌ನಲ್ಲಿ ಆತನನ್ನೂ ಬಿಟ್ಟರು.

ಪ್ಯಾಟ್ ಶರ್ಮರ್, ರಾಬ್ ಚಡ್ಜಿನ್‌ಸ್ಕಿ, ಮೈಕ್ ಪೆಟೈನ್: 2012, 2013, 2014ರ ಮೂರು ಸೀಸನ್‌ಗೆ ಮೂವರು ಮುಖ್ಯ ಕೋಚ್‌ಗಳು. ಕಾಲೇಜಿನಿಂದ ಬಂದ ಹುಡುಗ ಒಬ್ಬ ಕೋಚ್‌ನ ಆಟದ ತಂತ್ರ ಕಲಿಯುವಷ್ಟರಲ್ಲಿ ಇನ್ನೊಬ್ಬರು ಬಂದು ಅದನ್ನೆಲ್ಲ ಮರೆಯಲು ಹೇಳುತ್ತಿದ್ದರು. ಸಸಿಯನ್ನು ವರ್ಷಕ್ಕೊಮ್ಮೆ ಕಿತ್ತು ಬೇರೆ ಪಾತಿಯಲ್ಲಿ ನೆಟ್ಟರೆ ಬೇರು ಬಿಡುವುದು ಯಾವಾಗ?

● ಆಯ್ಕೆ ಮಾಡುವವರ ಕಣ್ಣೇ ಸರಿಯಿರಲಿಲ್ಲ ಎನ್ನುವಂತೆಯೂ ಇಲ್ಲ. ಇದೇ ತಂಡ 2007ರಲ್ಲಿ ಮೂರನೇ ಸರದಿಯಲ್ಲಿ ಆರಿಸಿದ ಲೈನ್‌ಮನ್ ಜೋ ಥಾಮಸ್ ಸತತವಾಗಿ 10,363 ಸ್ನ್ಯಾಪ್, ಅಂದರೆ ಚೆಂಡು ಆಟಕ್ಕೆ ಬಂದ ಅಷ್ಟೂ ಸಲ, ಒಂದನ್ನೂ ತಪ್ಪಿಸಿಕೊಳ್ಳದೆ ಆಡಿದರು. ಹೆಸರು ಕೂಗುವ ದಿನ ಡ್ರಾಫ್ಟ್ ನಡೆಯುತ್ತಿದ್ದ ನ್ಯೂಯಾರ್ಕ್‌ಗೆ ಬರುವುದಿಲ್ಲವೆಂದು ಹೇಳಿ ತಂದೆಯ ಜತೆ ಮಿಷಿಗನ್ ಸರೋವರದಲ್ಲಿ ಮೀನು ಹಿಡಿಯಲು ಹೋಗಿದ್ದವರು ಅವರು. 2017ರ ಅಕ್ಟೋಬರ್‌ನಲ್ಲಿ ತೋಳಿಗೆ ಪೆಟ್ಟು ಬೀಳುವವರೆಗೂ ಅವರ ಬೆನ್ನ ಹಿಂದೆ ಕ್ವಾರ್ಟರ್‌ಬ್ಯಾಕ್‌ಗಳು ಬದಲಾಗುತ್ತಲೇ ಇದ್ದರು. 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಈ ದೊಡ್ಡ ಆಟಗಾರರಿಗೆ ಒಂದೇ ಒಂದು ಪ್ಲೇಆಫ್ ಪಂದ್ಯವೂ ಸಿಗಲಿಲ್ಲ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

● ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಅವರು ಕೇಡ್ ಮ್ಯಾಸಿ ಜತೆ ಸೇರಿ ಎನ್‌ಎಫ್‌ಎಲ್ ಡ್ರಾಫ್ಟ್ ಮೇಲೆ ಸಂಶೋಧನೆ ಮಾಡಿದ್ದಾರೆ. ಅದರ ಪ್ರಕಾರ ಒಂದು ಸ್ಥಾನಕ್ಕೆ ಆರಿಸಿದ ಆಟಗಾರ, ಅದೇ ಸ್ಥಾನಕ್ಕೆ ಆತನ ಬೆನ್ನಿಗೇ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಶೇ 52 ಅಷ್ಟೇ. ಹೆಚ್ಚೂಕಡಿಮೆ ನಾಣ್ಯ ಚಿಮ್ಮಿದ ಹಾಗೆ. ರಿಚರ್ಡ್‌ಸನ್‌ಗಾಗಿ ತೆತ್ತ ಮೂರು ಸರದಿಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.

● 2016ರಲ್ಲಿ ಬ್ರೌನ್ಸ್ ಒಂದೇ ಡ್ರಾಫ್ಟ್‌ನಲ್ಲಿ ನಾಲ್ವರು ವೈಡ್ ರಿಸೀವರ್‌ಗಳನ್ನು ಆರಿಸಿತು. ಮೊದಲ ಸುತ್ತಿನ ಕೋರಿ ಕೋಲ್ಮನ್‌ಗೆ ಎರಡು ಸೀಸನ್‌ನಲ್ಲೂ ಕೈ ಮುರಿಯಿತು. 2018ರಲ್ಲಿ ಆತನನ್ನು ಬಫಲೋಗೆ ಕೊಟ್ಟಾಗ ಸಿಕ್ಕಿದ್ದು ಏಳನೇ ಸುತ್ತಿನ ಒಂದು ಸರದಿ.

● 2017ರಲ್ಲಿ ಒಂದೂ ಗೆಲುವಿಲ್ಲದೆ 16 ಸೋಲು. ಅದರಲ್ಲಿ 15 ಪಂದ್ಯ ಆರಂಭಿಸಿದ ಕ್ವಾರ್ಟರ್‌ಬ್ಯಾಕ್ ಡಿಶಾನ್ ಕೈಜರ್‌ಗೆ ಆಗ 21 ವರ್ಷ.

● ಮರುವರ್ಷ ಅದೃಷ್ಟ ಕೊಂಚ ತಿರುಗಿತು. ಮೊದಲ ಆಯ್ಕೆಯಾಗಿ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್, 35ನೆಯವನಾಗಿ ರನ್ನಿಂಗ್ ಬ್ಯಾಕ್ ನಿಕ್ ಚಬ್ ಬಂದರು. ಚಬ್ 2022ರಲ್ಲಿ 1,525 ಗಜ ಓಡಿದ. ಮೇಫೀಲ್ಡ್ 2021ರ ಜನವರಿಯಲ್ಲಿ ಪಿಟ್ಸ್‌ಬರ್ಗನ್ನು ಅವರ ಮೈದಾನದಲ್ಲೇ 48–37ರಿಂದ ಸೋಲಿಸಿದ; 1994ರ ಸೀಸನ್ ಬಳಿಕ ಬ್ರೌನ್ಸ್‌ಗೆ ಅದೇ ಮೊದಲ ಪ್ಲೇಆಫ್ ಗೆಲುವು. ಮರು ಸೀಸನ್ ಭುಜದ ನೋವಿನಲ್ಲೇ ಆಡಿದ ಆತನ ಮೇಲೆ ತಂಡಕ್ಕೆ ನಂಬಿಕೆ ಉಳಿಯಲಿಲ್ಲ. 2022ರಲ್ಲಿ ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನು ಹ್ಯೂಸ್ಟನ್‌ಗೆ ಕೊಟ್ಟು, 23 ಕೋಟಿ ಡಾಲರ್ ಖಾತರಿ ನೀಡಿ ಕ್ವಾರ್ಟರ್‌ಬ್ಯಾಕ್ ಡಿಶಾನ್ ವಾಟ್ಸನ್‌ನನ್ನು ಕರೆತಂದರು. ಮೇಫೀಲ್ಡ್ ಟ್ಯಾಂಪಾ ಬೇ ಸೇರಿ 2023, 2024ರಲ್ಲಿ ಆ ತಂಡವನ್ನು ಸತತ ಎರಡು ಸಲ ಪ್ಲೇಆಫ್‌ಗೆ ಒಯ್ದ.

● 2025ರ ಡ್ರಾಫ್ಟ್‌ನಲ್ಲಿ ಬ್ರೌನ್ಸ್ ಒಬ್ಬರಲ್ಲ, ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿತು: 94ನೇ ಸರದಿಯಲ್ಲಿ ಡಿಲನ್ ಗೇಬ್ರಿಯಲ್, 144ರಲ್ಲಿ ಶೆಡೂರ್ ಸ್ಯಾಂಡರ್ಸ್. ಆ ಸೀಸನ್ ಮುಗಿಯುವ ಮೊದಲೇ ಇಬ್ಬರೂ ಪಂದ್ಯ ಆರಂಭಿಸಿದ್ದರು.