ವೈಫೈ ಡಬ್ಬಿಗೂ ಒಂದು ಚಿಲಕ

ಶಿವಮೊಗ್ಗದ ವಿನೋಬನಗರದಲ್ಲಾಗಲಿ, ಭದ್ರಾವತಿಯ ಜನ್ನಾಪುರದಲ್ಲಾಗಲಿ ಮನೆ ಕಟ್ಟಿಸುವವರು ಮುಂಬಾಗಿಲ ಬೀಗವನ್ನು ನೋಡಿ ನೋಡಿ ಆರಿಸುತ್ತಾರೆ. ಕಿಟಕಿಗೆ ಸರಳು ಹಾಕಿಸುತ್ತಾರೆ, ಈಚೆಗೆ ಗೇಟಿಗೆ ಕ್ಯಾಮೆರಾವನ್ನೂ ಕೂರಿಸುತ್ತಾರೆ. ಆ ಕ್ಯಾಮೆರಾ, ಟಿವಿ, ಮನೆಮಂದಿಯ ಮೊಬೈಲುಗಳೆಲ್ಲ ಹೊರಜಗತ್ತಿಗೆ ಹೋಗಿಬರುವ ಬಾಗಿಲು ಮಾತ್ರ ಹಜಾರದ ಗೋಡೆಯ ಮೇಲಿರುವ ವೈಫೈ ಡಬ್ಬಿ, ಅಂದರೆ ರೂಟರ್. ಅದಕ್ಕೆ ಎರಡು ಕೀಲಿಗಳಿವೆ ಎಂಬುದೇ ಬಹಳ ಮಂದಿಗೆ ಗೊತ್ತಿಲ್ಲ. ಮೊದಲನೆಯದು ನೆಂಟರು ಬಂದಾಗ ಹೇಳುವ ವೈಫೈ ಪಾಸ್‌ವರ್ಡ್. ಎರಡನೆಯದು ಆ ಡಬ್ಬಿಯ ಒಳಗಿನ ವ್ಯವಸ್ಥೆಯನ್ನೇ ಬದಲಿಸುವ ಪಾಸ್‌ವರ್ಡ್. ಮೊದಲನೆಯದು ಎಷ್ಟೋ ಕಡೆ ಯಜಮಾನರ ಮೊಬೈಲ್ ನಂಬರೇ ಆಗಿರುತ್ತದೆ. ಎರಡನೆಯದು ಕಾರ್ಖಾನೆಯಿಂದ ಬಂದಾಗಿನ ‘ಅಡ್ಮಿನ್’ ಎಂಬ ಪದವಾಗಿಯೇ ಉಳಿದಿರುತ್ತದೆ.

‘ಪಿಂಚಣಿಯಲ್ಲಿ ಬದುಕುವವರ ಮನೆಯಲ್ಲಿ ಕದಿಯುವಂಥದ್ದೇನಿದೆ?’ ಎಂದು ಉಕ್ಕಿನ ಕಾರ್ಖಾನೆಯಿಂದಲೋ ಕಾಗದದ ಕಾರ್ಖಾನೆಯಿಂದಲೋ ನಿವೃತ್ತರಾದ ಭದ್ರಾವತಿಯ ಹಿರಿಯರು ಕೇಳಿದರೆ ತಪ್ಪಿಲ್ಲ. ಆದರೆ ಇಲ್ಲಿ ಕಳ್ಳನಿಗೆ ಬೇಕಿರುವುದು ಮನೆಯ ಒಡವೆಯಲ್ಲ, ಮನೆಯ ಇಂಟರ್ನೆಟ್ ವಿಳಾಸ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದವು. ಅದಕ್ಕೆ ತುಸು ಮುಂಚೆ ಮಾಧ್ಯಮಗಳಿಗೆ ಬಂದ ಬೆದರಿಕೆಯ ಇ-ಮೇಲ್ ಹೊರಟದ್ದು ನವಿ ಮುಂಬೈಯ ಮನೆಯೊಂದರ ಬೀಗವಿಲ್ಲದ ವೈಫೈ ಮೂಲಕ. ಪೊಲೀಸರು ಮೊದಲು ಹೋಗಿ ನಿಂತದ್ದು ಏನೂ ಅರಿಯದ ಆ ಮನೆಯವರ ಬಾಗಿಲಿಗೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಲ್ಲಿ ಇಟ್ಟ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ತಿರುವಿ ನೋಡಿಯೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಹೀಗೆ ವಶವಾದ ಸಾಧನಗಳ ಸೈನ್ಯ ನಡೆಸಿದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ತಮ್ಮ ಗೇಟಿನ ಕ್ಯಾಮೆರಾ ಅದರಲ್ಲಿ ಪಾಲುಗೊಂಡದ್ದು ಮಾಲೀಕರಿಗೆ ತಿಳಿಯಲೇ ಇಲ್ಲ.

ನಮ್ಮ ಜನ ಹಣ ಕಳೆದುಕೊಳ್ಳುತ್ತಿರುವುದು ಫೋನ್ ಕರೆಗೆ ಓಟಿಪಿ ಹೇಳಿ, ಹುಸಿ ಲಿಂಕ್ ಒತ್ತಿಯೇ ಹೊರತು ರೂಟರ್‌ನಿಂದಲ್ಲ ಎಂಬ ಮಾತಿದೆ. ಬಹುಮಟ್ಟಿಗೆ ನಿಜ, ಆ ಮೋಸವನ್ನು ಯಾವ ವೈಫೈ ಬೀಗವೂ ತಡೆಯದು. ಹಾಗೆ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆದರೆ ಡಬ್ಬಿಯ ಒಳಗಿನ ವ್ಯವಸ್ಥೆ ಪರರ ಕೈಗೆ ಸಿಕ್ಕರೆ, ಬ್ಯಾಂಕಿನ ವಿಳಾಸವನ್ನು ನೀವು ಸರಿಯಾಗಿ ಬರೆದರೂ ಅದು ನಕಲಿ ಪುಟಕ್ಕೆ ಕರೆದೊಯ್ಯಬಲ್ಲದು. 2018ರಲ್ಲಿ ಬ್ರೆಜಿಲ್‌ನಲ್ಲಿ ಸಾವಿರಾರು ಮನೆಗಳ ರೂಟರ್‌ಗಳನ್ನು ಹೀಗೆಯೇ ದಾರಿ ತಪ್ಪಿಸಿದ್ದರು. ಬ್ರೌಸರ್ ಎಚ್ಚರಿಕೆ ತೋರಿಸಿದಾಗ ಅದನ್ನು ದಾಟಿ ಮುಂದೆ ಹೋಗಬಾರದು ಎನ್ನುವುದು ಇದಕ್ಕೇ.

‘ನಮಗೆ ಕಂಪ್ಯೂಟರ್ ಬರದು’ ಎಂಬುದು ಕೊನೆಯ ಆಕ್ಷೇಪ. ಬರಬೇಕಾಗಿಯೂ ಇಲ್ಲ, ಕೇಳಲು ಬಂದರೆ ಸಾಕು. ಸಂಪರ್ಕ ಕೊಡಲು ಬಂದ ಹುಡುಗನಿಗೆ ಎರಡೂ ಪಾಸ್‌ವರ್ಡ್ ಬದಲಿಸಲು, ವೈಫೈ ಸುರಕ್ಷತೆಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇದೆಯೇ ನೋಡಲು, ಮಹಡಿಯ ಬಾಡಿಗೆದಾರರಿಗೂ ಕ್ಯಾಮೆರಾಕ್ಕೂ ಬೇರೆಯದೇ ‘ಗೆಸ್ಟ್’ ವೈಫೈ ಮಾಡಿಕೊಡಲು ಹೇಳಿ. ಹೊಸ ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದಿಡುವುದು ತಪ್ಪೇನಲ್ಲ. ಸಾಗರದಾಚೆಯ ಕಳ್ಳ ನಿಮ್ಮ ಮನೆಯ ಬೀರು ತೆರೆಯಲಾರ. ಮಲೆನಾಡಿನ ಗುಡುಗು ಮಳೆಗೆ ರೂಟರ್ ಸುಟ್ಟು ಹೊಸದು ಬಂದರೆ, ಅಥವಾ ರಿಪೇರಿಗೆಂದು ರೀಸೆಟ್ ಮಾಡಿದರೆ, ಕಾರ್ಖಾನೆಯ ಹಳೆಯ ಪಾಸ್‌ವರ್ಡೇ ಮರಳಿ ಕೂತಿರುತ್ತದೆ. ಆ ಹುಡುಗ ಬೈಕ್ ಹತ್ತುವ ಮುನ್ನ ದಯವಿಟ್ಟು ಇನ್ನೊಮ್ಮೆ ಬದಲಿಸಿಕೊಳ್ಳಿ.